ಸೊಪ್ಪು ಹೋಗದ ಹುಳುಮನೆ

ಹೆಸರು ಭಾನುಪ್ರಿಯ, ಗಂಡ ದೇವರಾಜು, ವಯಸ್ಸು 36 ವರ್ಷ, ರೇಷ್ಮೆ ಬೇಸಾಯ, ವಾಸ ಸಾತನೂರು, ಕನಕಪುರ ತಾಲ್ಲೂಕು. ಆಸ್ಪತ್ರೆಯ ವಾರ್ಡಿನಲ್ಲಿದ್ದು, ಪೂರ್ತಿ ಎಚ್ಚರದಲ್ಲಿ, ಠಾಣೆಯವರ ಮುಂದೆ ಹೇಳಿ ಬರೆಸುತ್ತಿರುವುದೇನೆಂದರೆ:

ಒಂಬತ್ತು ವರ್ಷದ ಹಿಂದೆ ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ನಾನು ರಾತ್ರಿಯೆಲ್ಲ ಅಳುವುದರಿಂದ ನಿದ್ದೆ ಕೆಡುತ್ತದೆಂದು ನನ್ನ ಗಂಡ ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದುಕೊಟ್ಟರು. ಕೆಟ್ಟಿದ್ದು ಅವರ ನಿದ್ದೆ, ಮಾತ್ರೆ ನನಗೆ. ಅಂದಿನಿಂದ ಈ ತಿಂಗಳವರೆಗೆ ನುಂಗುವುದನ್ನು ನಾನು ತಪ್ಪಿಸಿಲ್ಲ, ತರುವುದನ್ನು ಅವರೂ ತಪ್ಪಿಸಿಲ್ಲ.

ಹೋದ ತಿಂಗಳು ನಾನು ಮಂಪರಿನಲ್ಲಿ ಹುಳಕ್ಕೆ ಬೆಳಗಿನ ಹಿಪ್ಪುನೇರಳೆ ಸೊಪ್ಪು ಹಾಕಲು ಏಳದೆ ರೇಷ್ಮೆ ಬೆಳೆ ಕೆಟ್ಟಿತೆಂದು ನನ್ನ ಅತ್ತೆ ಮುನಿಯಮ್ಮ ಜಗಳ ತೆಗೆದರು. ದಿನಾಂಕ 08-07-2024ರ ಸೋಮವಾರ ನನ್ನ ಗಂಡ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಲೆಗೆ ಹಾಕಿದರು. ಸ್ವಲ್ಪ ಸ್ವಲ್ಪವಾಗಿ ಬಿಡುತ್ತೇನೆಂದು ಬೇಡಿಕೊಂಡೆ. ತಾನು ಬೀಡಿಯನ್ನು ಒಂದೇ ದಿನಕ್ಕೆ ಬಿಟ್ಟವನು ಎಂದರು.

ಬುಧವಾರದ ಹೊತ್ತಿಗೆ ನಿದ್ದೆ ಪೂರ್ತಿ ಹೋಯಿತು. ಕೈ ನಡುಗಿ ಲೋಟ ಹಿಡಿಯಲಾಗಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಮೈಮೇಲೆ ಇರುವೆ ಹರಿದಂತಾಗುತ್ತಿತ್ತು. ರೇಷ್ಮೆಹುಳ ಪೊರೆ ಬಿಡುವ ಮೊದಲು ಒಂದು ದಿನದ ಮಟ್ಟಿಗೆ ಸೊಪ್ಪು ತಿನ್ನದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರವೆನ್ನುತ್ತಾರೆ. ಆಗ ಹುಳವನ್ನು ಮುಟ್ಟುವುದಿಲ್ಲ, ಸೊಪ್ಪು ಹಾಕುವುದಿಲ್ಲ. ನನ್ನದೂ ಅದೇ ಎಂದು ಅತ್ತೆ ತೀರ್ಮಾನಿಸಿದರು. “ಹುಳ ಜ್ವರಕ್ಕೆ ಕೂತಂಗೆ ಕೂತವ್ಳೆ, ಯಾರೂ ಮುಟ್ಬ್ಯಾಡಿ, ಎದ್ಮೇಲೆ ಸರಿಹೋಯ್ತಾಳೆ” ಎಂದು ಗುರುವಾರ ಮಧ್ಯಾಹ್ನ ನನ್ನನ್ನು ಹುಳ ಸಾಕುವ, ಆಗ ಖಾಲಿಯಿದ್ದ ಹುಳುಮನೆಗೆ ಸೇರಿಸಿದರು. ಚಿಲಕ ಹಾಕಿದವರು ನನ್ನ ಗಂಡ. ಬಿಂದಿಗೆಯಲ್ಲಿ ನೀರಿಟ್ಟಿದ್ದರು, ಅನ್ನ ಇಡಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಕಿರುಚಿದ್ದನ್ನು ಕೇಳಿ ಪಕ್ಕದ ಮನೆಯ ಬೋರಲಿಂಗಯ್ಯನವರು ಬಂದರು. ಹೊಸ ಹುಳ ತಂದಿದ್ದೇವೆ, ಜ್ವರಕ್ಕೆ ಕೂತಿವೆ, ಸೊಸೆ ಒಳಗೆ ಇಲಿ ಕಂಡು ಕೂಗಿಕೊಂಡಳು ಎಂದು ಅತ್ತೆ ಹೇಳಿದರು. ಹುಳ ಜ್ವರಕ್ಕೆ ಕೂತ ಮನೆಯೊಳಗೆ ಹೊರಗಿನವರು ಕಾಲಿಡುವ ಪದ್ಧತಿಯಿಲ್ಲ. ಅವರ ಚಪ್ಪಲಿ ಸದ್ದು ದೂರವಾದದ್ದು ನನಗೆ ಕೇಳಿಸಿತು. ಅದಾದ ಮೇಲೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡೆ.

ಶನಿವಾರ ಬೆಳಿಗ್ಗೆ ಬೋರಲಿಂಗಯ್ಯನವರು ಮತ್ತೆ ಬಂದರು. “ಜ್ವರ ಎದ್ದ ಹುಳಕ್ಕೆ ಸೊಪ್ಪು ಬ್ಯಾಡ್ವೇನಮ್ಮ? ನೆನ್ನೆಯಿಂದ ಒಂದ್ ಕಂತೆನೂ ಒಳಕ್ಕೋಗಿಲ್ಲ, ಹಸ್ಕಂಡು ಸತ್ತೋಯ್ತವೆ” ಎಂದು ಅತ್ತೆಯನ್ನು ಬೈದು ತಾವೇ ಚಿಲಕ ತೆಗೆದರು. ನಾನು ಕಿರುಚಿದಾಗ ವಾಪಸು ಹೋದವರು ಹುಳ ಹಸಿದೀತೆಂದು ಬಾಗಿಲು ತೆಗೆದರು. ನನ್ನನ್ನು ಕಂಡು ಅವರೇ ಆಸ್ಪತ್ರೆಗೆ ಸೇರಿಸಿದರು. ಅವರು ನನ್ನ ಜೀವ ಉಳಿಸಿದ್ದು ನಿಜ. ಬಾಗಿಲು ತೆಗೆದದ್ದು ಹುಳಕ್ಕೆಂಬುದೂ ನಿಜ, ಬರೆದುಕೊಳ್ಳಿ.

ಡಾಕ್ಟರು ಮಾತ್ರೆಯನ್ನು ಮತ್ತೆ ಶುರುಮಾಡಿದ್ದು, ತಿಂಗಳುಗಟ್ಟಲೆ ಒಸಿ ಒಸಿಯಾಗಿ ಇಳಿಸಬೇಕೆಂದಿದ್ದಾರೆ. ನನ್ನ ಗಂಡ ಇಂದು ವಾರ್ಡಿನ ಬಾಗಿಲಲ್ಲಿ ನಿಂತು, “ಆಗಿದ್ದಾಯ್ತು, ಮನೆಗೆ ಬಾ, ಹುಳ ತರ್ಬೇಕು” ಎಂದರು. ನಾನು ಹೋಗುವುದಿಲ್ಲ. ಮಾತ್ರೆ ಇನ್ನು ಮುಂದೆ ನನ್ನ ಕೈಯಲ್ಲೇ ಇರಬೇಕು. ಗಂಡ, ಅತ್ತೆ ಇಬ್ಬರ ಮೇಲೂ ಕ್ರಮ ಜರುಗಿಸಬೇಕಾಗಿ ಕೋರಿದೆ.

ಬರೆದದ್ದನ್ನು ಓದಿಸಿ ಕೇಳಿದೆ, ನಾನು ಹೇಳಿದಂತೆಯೇ ಇದೆ. ಕೈ ನಡುಗುತ್ತಿರುವುದರಿಂದ ಹೆಬ್ಬೆಟ್ಟು ಒತ್ತಿದರೆ ಸಾಕೆಂದು ಠಾಣೆಯವರು ಅಂದರು. ನಾನು ಪಿಯುಸಿ ಪಾಸಾದವಳು. ಸೊಟ್ಟಗಿದ್ದರೂ ಕೆಳಗಿನ ಸಹಿ ನನ್ನದೇ.

ಸ್ಥಳ: ಕನಕಪುರ
ದಿನಾಂಕ: 15-07-2024
ಸಹಿ: ಭಾನುಪ್ರಿಯ