ಟ್ರಯಲ್ ರೂಮಿನ ಹಾಲು

ಬೇಡ ಅತ್ತಿಗೆ, ಈಗ ಸೆರಗು ಎಳ್ಕೊಂಡು ಏನು ಪ್ರಯೋಜನ? ನೋಡೋದೆಲ್ಲ ನೋಡಿಯಾಯ್ತು. ಕೂತ್ಕೊಳ್ಳಿ, ಏಳ್ಬೇಡಿ... ಈಗ ಬಿಡಿಸಿದ್ರೆ ಕಿರುಚಿ ಊರು ಒಂದು ಮಾಡ್ತಾನೆ, ನನ್ನ ಮಗ ನಂಗೆ ಗೊತ್ತಿಲ್ವಾ? ಬಟ್ಟೆ ಅಂಗಡೀಲಿ ಕರೆಂಟ್ ಹೋಯ್ತು, ಕೆಲಸದಿಂದ ಬೇಗ ಬಿಟ್ರು. ಬಸ್ಸಿಳಿದು ಓಡಿ ಬಂದೆ ನಾನು. ಓಡಿ! ಚಪ್ಪಲಿ ಕಿತ್ತೋಗೋ ಹಂಗೆ! ಬಂದು ನೋಡಿದ್ರೆ ನಿಮ್ಮ ಮಗಳು ತೊಟ್ಟಿಲಲ್ಲಿ ಗೊರಕೆ, ನನ್ನ ಮಗ ನಿಮ್ಮ ಎದೇಲಿ.

ಯಾಕೆ ನಗ್ತೀರಿ? ನಗ್ತಿಲ್ವಾ? ಮತ್ತೆ ತುಟಿ ಯಾಕೆ ಹಂಗಾಯ್ತು?

ಹಸಿದಿದ್ದ ಅಂತೀರಾ? ಹಸಿದ್ರೆ ಫ್ರಿಜ್ಜಲ್ಲಿ ನನ್ನ ಹಾಲಿನ ಬಾಟ್ಲಿ ಇಲ್ವಾ? ನಿನ್ನೆ ತಂದಿಟ್ಟಿದ್ದು, ಎರಡೂ ಹಂಗೇ ಕೂತಿವೆ, ಈಗ ತಾನೇ ಬಾಗಿಲು ತೆಗೆದು ನೋಡ್ದೆ. ದಿನಾ ಸಂಜೆ ಬಂದಾಗ ಖಾಲಿ ಬಾಟ್ಲಿ, ಫಳಫಳ ತೊಳೆದು ಬೋರಲು ಹಾಕಿರ್ತೀರಿ. 'ಎಲ್ಲಾ ಕುಡಿದ, ಒಂದು ಹನಿ ಬಿಡಲಿಲ್ಲ' ಅಂತೀರಿ. ಎಲ್ಲಿ ಕುಡಿದ ಅತ್ತಿಗೆ? ಮೋರಿ ಕುಡೀತಿತ್ತಾ?

ಅದನ್ನ ಹೆಂಗೆ ತರ್ತೀನಿ ಅಂತ ಒಂದಿನ ಆದ್ರೂ ಕೇಳಿದ್ದೀರಾ? ಟ್ರಯಲ್ ರೂಮಲ್ಲಿ ಕೂತು. ಚಿಲಕ ಸರಿಯಾಗಿ ಬೀಳಲ್ಲ, ಒಂದು ಕಾಲು ಬಾಗಿಲಿಗೆ ಒತ್ತಿಟ್ಕೊಂಡಿರಬೇಕು. ಹಾಲು ಹಿಂಡೋ ಪಂಪು ಗುರ್ ಗುರ್ ಅನ್ನುತ್ತೆ. ಹೊರಗಡೆ ಯಾವಳೋ ಬಾಗಿಲು ಬಡೀತಾಳೆ: 'ಎಷ್ಟು ಬಟ್ಟೆ ಹಾಕಿ ನೋಡ್ತೀರಮ್ಮಾ ಒಳಗೆ, ಮದುವೆಗೇ ತಯಾರಾಗ್ತಿದ್ದೀರಾ?' ಮೂರು ಕಡೆ ಕನ್ನಡಿ. ಎತ್ತ ತಿರುಗಿದ್ರೂ ನಾನೇ, ಎದೆಗೆ ಲಾಳಿಕೆ ಹಚ್ಕೊಂಡು ಕೂತಿರೋ ನಾನೇ...

ಅಲ್ಲಿಂದ ತರೋ ಹಾಲು ಅದು. ನೀವೋ, ಇಲ್ಲಿ ಕಾಲು ಚಾಚಿ ಕೂತು...

ಹೌದು, ಹೊಟ್ಟೆಕಿಚ್ಚು! ಹೇಳೋಕೇನು ನಾಚಿಕೆ? ನಿಮ್ಮ ಮಗಳು ಪಕ್ಕದ ಕೋಣೇಲಿ ಕೊಂಯ್ ಅಂದ್ರೆ ಸಾಕು, ಇಲ್ಲಿ ನಿಮ್ಮ ರವಿಕೆ ಒದ್ದೆ. 'ಅಯ್ಯೋ, ಇದೊಂದು ಕಾಟ' ಅಂತ ಸೆರಗು ಹಿಂಡ್ಕೋತೀರಿ. ಕಾಟ! ನನ್ನ ಮುಂದೆ ಆ ಮಾತು ಆಡ್ಬೇಡಿ. ಅಣ್ಣ ಬೇರೆ, 'ನನ್ನ ಹೆಂಡತಿ ಒಂದು ಊರನ್ನೇ ಸಾಕ್ತಾಳೆ' ಅಂತ ನಗ್ತಾನೆ. ನಾನೂ ನಗ್ತೀನಿ. ಮೈಯೆಲ್ಲ ಉರೀತಿರುತ್ತೆ, ನಗ್ತೀನಿ.

ರಾತ್ರಿ ಮಹಡಿ ಮೇಲೆ ಎತ್ಕೊಂಡು ಹೋದ್ರೆ ಇವನು ನನ್ನ ಹತ್ರ ಏನು ಮಾಡ್ತಾನೆ ಗೊತ್ತಾ? ಎರಡು ಸಲ ಚೀಪ್ತಾನೆ, ಬಿಡ್ತಾನೆ, ಮುಖ ಕೆಂಪಗೆ ಮಾಡ್ಕೊಂಡು ಅಳ್ತಾನೆ. ಯಾಕೆ ಅಂತ ಈಗ ಗೊತ್ತಾಯ್ತಲ್ಲ! ಹಗಲೆಲ್ಲ ನೀನು ತುಂಬಿಸಿ ಕಳಿಸಿದ್ರೆ ನಾನು ಯಾಕೆ ಬೇಕು ಅವನಿಗೆ? ನನ್ನ ಮಗನ್ನ ನೀನು... ನೀನು ಅಂದ್ನಾ? ಅನ್ನಿಸ್ಕೊಳ್ಳಿ ಇವತ್ತೊಂದಿನ. ಎಲ್ಲಿಗೆ ಎದ್ರಿ ಅವನನ್ನ ಎತ್ಕೊಂಡು? ಮಾತು ಮುಗೀಲಿಲ್ಲ ನಂದು!

ಫ್ರಿಜ್ ಯಾಕೆ ಈಗ? ಇದು ನನ್ನ ಬಾಟ್ಲಿ. ಹೂಂ. ಇದು ಯಾವುದು? ನಿಮ್ಮದಾ? ಓ... ನಿಮ್ಮದು ಫ್ರಿಜ್ಜಲ್ಲೂ ಕೂಡಿಟ್ಟಿದ್ದೀರಿ. ಇರಲಿ, ಅಷ್ಟು ಇದ್ದೋರು ಇಡ್ತಾರೆ. ಯಾಕೆ ಪಕ್ಕಪಕ್ಕ ಇಡ್ತೀರಿ? ಎರಡು ಬಾಟ್ಲೀನೂ ಕಿಟಕಿ ಬೆಳಕಿಗೆ ಯಾಕೆ ಇಟ್ರಿ?

ಏನು ನೋಡ್ಬೇಕು? ಹಾಲು, ಬೆಳ್ಳಗಿದೆ.

ನಿಮ್ಮದರ ಮೇಲೆ ಕೆನೆ ನಿಂತಿದೆ, ನಂದರ ಮೇಲೆ ಇಲ್ಲ. ಸರಿ. ಎದೆಹಾಲು ಇಟ್ರೆ ಮೇಲೆ ಹಳದಿ ಕೆನೆ ನಿಲ್ಲುತ್ತೆ, ನಂಗೂ ಗೊತ್ತು. ನಂದು ಬಸ್ಸಲ್ಲಿ ಕುಲುಕಿ ಬಂದಿರುತ್ತೆ ಅತ್ತಿಗೆ, ಅದಕ್ಕೇ... ನಿನ್ನೇದು ಅಂತೀರಾ? ನಿನ್ನೇದೇ. ಇಡೀ ರಾತ್ರಿ ಅಲ್ಲಾಡದೆ ಕೂತಿದ್ರೂ... ನನ್ನ ಹಾಲು ತೆಳು ಇರಬಹುದು. ಎಲ್ಲರ ಹಾಲೂ ಒಂದೇ ಥರ ಇರುತ್ತಾ? ನಾನು ಊಟ ಸರಿಯಾಗಿ ಮಾಡಲ್ಲ, ಅಂಗಡೀಲಿ ನಿಂತು ನಿಂತು...

ಏನಾದ್ರೂ ಅನ್ನಿ ಅತ್ತಿಗೆ.

ಬೈದುಬಿಡಿ, ಬೈದ್ರೆ ಜಗಳ ಆಡ್ತೀನಿ. ಸುಮ್ನೆ ಹಂಗೆ ನೋಡ್ಬೇಡಿ...

ಯಾವತ್ತಿಂದ ಗೊತ್ತು ನಿಮಗೆ?

ಮೊದಲಿಂದಲೂ? ಅಯ್ಯೋ... ಡಬ್ಬಿ ಹಾಲಿನ ಪುಡಿ ಅದು. ಅಂಗಡೀಲಿ ಟೀ ಮಾಡೋಕೆ ಬಿಸಿನೀರು ಇಟ್ಟಿರ್ತಾರೆ, ಅದರಲ್ಲೇ ಕದಡ್ತೀನಿ. ಪಂಪು ಹಚ್ಚೋದು ಸುಳ್ಳಲ್ಲ, ದೇವರಾಣೆ! ದಿನಾ ಹಚ್ತೀನಿ. ಬರಲ್ಲ. ಕೆಲಸಕ್ಕೆ ಸೇರಿದ ಮೇಲೆ ಕಡಿಮೆಯಾಯ್ತು, ಕಡಿಮೆಯಾಯ್ತು, ಆಮೇಲೆ ಬಾಟ್ಲಿ ತಳ ಒದ್ದೆಯಾಗೋದೂ ನಿಂತೋಯ್ತು. ಆದ್ರೂ ಹಚ್ಕೊಂಡು ಕೂತಿರ್ತೀನಿ, ಮೂರು ಕನ್ನಡಿ ನೋಡ್ಕೊಂಡು. ಖಾಲಿ ಬಾಟ್ಲಿ ಹಿಡ್ಕೊಂಡು ನಿಮ್ಮ ಮುಂದೆ ಹೆಂಗೆ ಬರ್ಲಿ? ಬೇರೆ ಯಾರ ಮುಂದಾದ್ರೂ ಬರ್ತಿದ್ದೆ. ನಿಮ್ಮ ಮುಂದೆ!

ಅಣ್ಣಂಗೆ ಹೇಳಿದ್ದೀರಾ? ಇಲ್ವಾ? ಯಾರಿಗೂ? ಬಾಟ್ಲಿ ಬಗ್ಗಿಸಿ, ತೊಳೆದು, 'ಅಮ್ಮನ ಹಾಲು ಒಂದು ಹನಿ ಬಿಡಲಿಲ್ಲ' ಅಂತ ಎಲ್ಲರ ಮುಂದೆ ಹೇಳ್ಕೊಂಡು ನನ್ನ ಮಾನ ಕಾಪಾಡಿದ್ರಾ? ಅದೂ ನೀವೇ ಮಾಡ್ಬೇಕಿತ್ತಾ ಅತ್ತಿಗೆ? ಹಾಲೂ ನಿಮ್ಮದೇ, ಒಳ್ಳೇತನವೂ ನಿಮ್ಮದೇ. ನಂಗೇನು ಉಳಿಸಿದ್ರಿ? ಕೈ ಮುಗೀಬೇಕೋ, ಕೂದಲು ಹಿಡಿದು ಜಗ್ಗಬೇಕೋ ಗೊತ್ತಾಗ್ತಿಲ್ಲ ನಂಗೆ.

ಬೇಡ... ಇವನನ್ನ ನನ್ನ ಕೈಗೆ ಯಾಕೆ ಕೊಡ್ತೀರಿ? ಅಳ್ತಾನೆ. ಏನಿದೆ ನನ್ನ ಹತ್ರ?

ಇವನ ಹೊಟ್ಟೆ ತುಂಬಿದೆ ಅಂತ ತಟ್ಟಿ ತೋರಿಸ್ತೀರಾ? ತುಂಬಿದ ಮೇಲೆ ಇಲ್ಲಿ ಬಂದು ಏನು ಮಾಡ್ತಾನೆ, ಸುಮ್ನೆ ಚೀಪ್ತಾನಾ?

ಇರಿ... ಹುಡುಕ್ತಿದ್ದಾನೆ. ಹಿಡಿದ. ಅತ್ತಿಗೆ, ಹಿಡಿದ! ಅಳ್ತಿಲ್ಲ. ಕಣ್ಣು ಮುಚ್ಚಿದ, ನೋಡಿ...

ಏನು? ಏನೋ ಹೇಳೋಕೆ ಬಾಯಿ ತೆಗೆದ್ರಿ.

ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ, ಇಷ್ಟು ದಿನ ಸುಮ್ನಿದ್ರಲ್ಲ, ಇನ್ನೊಂದು ಸ್ವಲ್ಪ ಹೊತ್ತು ಹಂಗೇ ಇರಿ. ನಿಮ್ಮ ದನಿ ಕೇಳಿದ್ರೆ ಆ ಕಡೆ ತಿರುಗಿಬಿಡ್ತಾನೆ.