ಕಂಬ ಬಿದ್ದಾಗ ಶಾಂತಾನ ಮದ್ವಿ

…ಮಳಿ ಅಲ್ರಪಾ ಅದು, ಆಣಿಕಲ್ಲು. ಮಳಿ ಆಗಿದ್ರ ನಿಂತ ನೋಡಬಹುದಿತ್ತು. ಅವತ್ತ ಹೊರಗ ನಿಂತ ನೋಡಿದ್ದು ನಮ್ಮ ಎಮ್ಮಿ ಒಂದ, ಅದಕ್ಕೂ ಬೆನ್ನ ಬಾತಿತ್ತು. ನಮ್ಮೂರ ಘಾಟಬೋರಾಳಕ್ಕ ಕರೆಂಟ ಬಂದ ಹೊಸದು ಆವಾಗ. ನಾ ಈ ಮನಿಗಿ ಸೊಸಿ ಆಗಿ ಬಂದ ವರ್ಷ… ಅಲ್ಲ, ಅದರ ಮರುವರ್ಷ, ನಿಮ್ಮಪ್ಪ ಕೂಸ ಇದ್ದ ನನ್ನ ಬಗಲಾಗ. ನನ್ನ ನಾದಿನಿ ಶಾಂತಾ, ಅಂದ್ರ ನಿಮ್ಮ ಮುತ್ಯಾನ ತಂಗಿ, ಅಕಿ ಮದ್ವಿ ಮರುದಿನ ಮುಂಜಾನಿ ಇತ್ತು. ಹುಲಸೂರಿಂದ ಬೀಗರು ಲಾರಿ ತುಂಬ ಬಂದ ಇಳದಿದ್ರು. ಪೂರಿ ಮಾಡಾಕ ಗೋದಿ ಗಿರಣಿಗಿ ಹೋಗಿತ್ತು. ಚಪ್ಪರಕ್ಕ ಲೈಟಿನ ಮಾಲಿ, ಮೈಕ್ ಸೈತ ತರಿಸಿದ್ವಿ. ವರನ ಸೋದರಮಾವ ಒಬ್ಬ ಇದ್ದ, ತಲಿಗಿ ದೊಡ್ಡ ರುಮಾಲ ಸುತ್ತಿದಂವ. ಲೈಟ ಇದ್ರ ಮಾತ್ರ ಮದ್ವಿ ಅಂತ ಮೊದಲ ಹೇಳಿದ್ದ ಅಂವ.

ಆಮ್ಯಾಗ ಗಾಳಿ ಬಂತು ನೋಡ್ರಿ. ಚಪ್ಪರ ಎದ್ದ ಹೋತು. ಹೋತು ಅಂದ್ರ ಹೋತು, ಎಲ್ಲಿಗಿ ಅಂತ ಯಾರೂ ಕೇಳ್ಲಿಲ್ಲ. ಅದರ ಹಿಂದ ಕಲ್ಲು, ನಿಂಬಿಕಾಯಿ ಅಂಥವು, ಮನಿ ಮ್ಯಾಲಿನ ತಗಡಿನ ಪತ್ರಾಸ ಮ್ಯಾಲ ಧಡಧಡ ಧಡಧಡ. ಎಲ್ಲಾ ನಿಂತ ಮ್ಯಾಲ ಹೊರಗ ಬಂದ ನೋಡಿದ್ರ, ಊರ ಬಾಗಿಲಿಂದ ರೋಡಿನ ತನಕಾ ಕಂಬ ಎಲ್ಲಾ ಮಲಗ್ಯಾವ, ಹಾದಿ ತುಂಬ ತಂತಿ. ಗಿರಣಿಯಂವ ಬಂದು, "ಅಕ್ಕಾರ, ನಿಮ್ಮ ಗೋದಿ ಹ್ಯಾಂಗ ಬಂತೋ ಹಂಗ ಅದಾ" ಅಂದ.

ಸೋದರಮಾವ ಎದ್ದ ನಿಂತ. "ಲೈಟ ಇಲ್ಲ, ಮೈಕ್ ಇಲ್ಲ, ಕುಂದ್ರಾಕ ಚಪ್ಪರ ಇಲ್ಲ. ಹತ್ರಿ ಲಾರಿ!" ನಿಮ್ಮ ಮುತ್ಯಾ ಕೈ ಜೋಡಿಸಿ, "ಮಾವಾರ, ಆಕಾಶನ ಕಳಚಿ ಬಿದ್ರ ನಾವೇನ್ ಮಾಡಾಣ್ರಿ?" ಅಂದ್ರು. "ನಿಮ್ಮ ಊರಿನ ಆಕಾಶ ಅಲ್ಲೇನ್ರಿ ಅದು?" ಅಂದ ಅಂವ. ಎಲ್ಲಾರೂ ಲಾರಿ ಹತ್ತಿದ್ರು. ವರನೂ ಹತ್ತಿದ. ಅಂವನ್ನ ಯಾರೂ ಏನೂ ಕೇಳಿರಲಿಲ್ಲ ಬಿಡ್ರಿ.

ಒಳಗ ಶಾಂತಾ ಎಲ್ಲಾ ಕೇಳಿದ್ಲು. ಮಾರಿಗಿ ಹಚ್ಚಿದ ಅರಿಷಿಣ ಹಂಗ ಇತ್ತು. ಇನ್ನ ಅಳ್ತಾಳ ಅಂತ ನಾ ಹೋಗಿ ಬಾಜೂಕ ಕುಂತೆ. ಅಕಿ, "ವೈನಿ, ಹೋದ್ರ ಹೋಗ್ಲಿ. ಊರ ಮಂದಿಗಿ ಉಣ್ಣಾಕ ಕರದೀವಿ. ಬೀಸುಕಲ್ಲು ಎಲ್ಲಿ ಅದಾ?" ಅಂದ್ಲು. ಸೆರಗ ಸೊಂಟಕ್ಕ ಸಿಗಿಸಿ ಎದ್ದಳು. ಗಿರಣಿ ಬಂದ ಮ್ಯಾಲ ಬೀಸುಕಲ್ಲು ಯಾರಿಗಿ ಬೇಕಾಗಿತ್ರಿ? ನಮ್ಮದು ಬಚ್ಚಲದಾಗ ಅರಬಿ ಒಗಿಯೋ ಕಲ್ಲಾಗಿತ್ತು. ತೊಳದ ತಂದ್ವಿ. ಬಾಜೂಮನಿ ಮೆಹಬೂಬ್‌ಬಿ ತನ್ನದನ್ನ ಉರಳಿಸಿಕೋತ ಬಂದ್ಲು. "ಸರಿ ಬೇಟಿ ಅತ್ಲಾಗ, ಮದುಮಗಳು ಬೀಸೋದಂದ್ರ ಹ್ಯಾಂಗ?" ಅಂದ್ಲು ಅಕಿ. "ಖಾಲಾ, ನಾನೂ ಉಣ್ಣಾಕಿನ ಅಲ್ಲ?" ಅಂದ್ಲು ಶಾಂತಾ.

ಆ ಕಡಿ ಲಾರಿ ಮೊದಲನೇ ಕಂಬಕ್ಕ ನಿಂತಿತ್ತು. ಡ್ರೈವರ್ ಇಂಜಿನ್ ಬಂದ್ ಮಾಡಿ, "ತಂತಿ ಮ್ಯಾಲ ಗಾಡಿ ಹಾಕಲ್ರಿ ನಾ. ಕರೆಂಟ ಬಂತಂದ್ರ ಎಲ್ಲಾರೂ ಹೋಗ್ತೀವಿ, ಆದ್ರ ಹುಲಸೂರಿಗಲ್ಲ" ಅಂದನಂತ. ಹೊಳ್ಳಿ ನಡಕೋತ ಬಂದ್ರು, ಕೆಸರಾಗ. ಮೊದಲ ಬಂದಾಕಿ ವರನ ತಾಯಿ. ಶಾಂತಾನ ಎದರಿಗಿ ಕುಂತು ಬೀಸುಕಲ್ಲಿನ ಗೂಟಕ್ಕ ಕೈ ಹಾಕಿದ್ಲು. ಇನ್ನಾ ತಾಳಿ ಕಟ್ಟಿಲ್ಲ, ಅತ್ತಿ ಸೊಸಿ ಕೂಡಿ ಬೀಸಾಕತ್ತಾರ. ಆವಾಗ ಅತ್ತಳು ನೋಡ್ರಿ ಶಾಂತಾ, ಅಲ್ಲಿ ತನಕಾ ಇಲ್ಲ. "ಹಿಟ್ಟಿನ್ಯಾಗ ಬೀಳ್ತದವ್ವಾ, ಆ ಕಡಿ ಮಾರಿ ಮಾಡಿ ಅಳು" ಅಂದ್ಲು ಅತ್ತಿ, ಗೂಟ ಬಿಡಲಿಲ್ಲ. ನನಗೂ ಕಣ್ಣಾಗ ನೀರ ಬಂತು, ಕೂಸಿನ ಕುಲಾಯಿಲೆ ಒರಸ್ಕೊಂಡೆ.

ಸೋದರಮಾವ ಅಲ್ಲಿ ಇಲ್ಲಿ ಅಡ್ಡಾಡಿ, ಬಂದು, "ಹಿಟ್ಟ… ಎಲ್ಲಿ ತನಕಾ ಬಂತು?" ಅಂದ. "ನೀವೂ ಕೈ ಹಚ್ಚಿದ್ರ ಲಗೂನ ಬರ್ತದ್ರಿ" ಅಂದ್ಲು ಮೆಹಬೂಬ್‌ಬಿ. ರುಮಾಲ ತಗದಿಟ್ಟು ಕುಂತ. ಕೈ ತುಂಬ ಬೊಕ್ಕಿ ಎದ್ವು. ಅವತ್ತ ರಾತ್ರಿ ಬಿಸಿ ಪೂರಿ ಉಂಡ ಮ್ಯಾಲ ಅಂವಗ ಲಾರಿ ನೆನಪ ಸೈತ ಆಗ್ಲಿಲ್ಲ. ಮರುದಿನ ಬೇವಿನ ಗಿಡದ ಬುಡಕ ಮದ್ವಿ ಆತು, ಮೈಕಿನ ಬದಲಿ ಅಂವನ ನಿಂತ ಒದರಿದ. ಕರೆಂಟ ಬಂದದ್ದು ಶಾಂತಾ ಪಂಚಮಿಗಿ ತವರಿಗಿ ಬಂದಾಗ.

ಅದಕ್ಕ ಹೇಳ್ತೀನಿ, ಎಲ್ಲೇ ಹೋಗ್ರಿ, ಹಸದ ಹೊಟ್ಟಿಲೆ ತಕರಾರ ಮಾಡಬ್ಯಾಡ್ರಿ. ಮೊದಲ ಉಣ್ರಿ. ಉಂಡ ಮ್ಯಾಲೂ ತಕರಾರ ಉಳದ್ರ, ಆವಾಗ ಮಾಡ್ರಿ.