ಹೊಳ್ಯಾಗ ಬೆಳೆದ ಭತ್ತ

ಗಂಗಾವತಿ ನಿಲ್ದಾಣದಲ್ಲಿ ಕೊಪ್ಪಳದ ಬಸ್ಸಿಗೆ ನಿಂತಿದ್ದೆ. ನನ್ನ ಮುಂದೆ ಮರಳಿ ಊರಿನ ಕಡೆಯ ರೈತ ಹೆಂಗಸು ಬಸವಣ್ಣೆಮ್ಮ, ಹೊಳೆದಂಡೆಯ ನಕ್ಷೆ ಮಾಡಿದ ಸರ್ವೇ ಇಲಾಖೆಯ ಗಾಳೇಶನನ್ನು ವಿಚಾರಿಸಿಕೊಳ್ಳುತ್ತಿದ್ದಳು.

"ನಿನ್ನ ನಕ್ಷ್ಯಾಗ ನನ್ನ ಗದ್ದಿ ಹೊಳ್ಯಾಗ ಹೆಂಗ ಹೋತಪಾ?"

"ಉಪಗ್ರಹದ ಫೋಟೋದಾಗ ನೀರು ಕಾಣತೈತ್ರಿ."

"ಯಾವ ತಿಂಗಳದು?"

"ಆಗಸ್ಟಿಂದು."

"ಆವಾಗ ನಾಟಿ. ಕಾಲುವಿ ನೀರು ಗದ್ದಿ ತುಂಬ ನಿಂತಿರತೈತಿ."

"ನಮ್ಮನ್ನ ಸಮುದ್ರದ ದಂಡಿಗೆ ತರಬೇತಿಗೆ ಕರಕೊಂಡು ಹೋಗಿ, ಕಂಪ್ಯೂಟರಿನಾಗ ನಕ್ಷೆ ಮಾಡೋ ಜಿಐಎಸ್ ಕಲಿಸ್ಯಾರ್ರಿ. ಇಂಜಿನಿಯರು, ವಕೀಲರು, ಮೀನಿನ ತಜ್ಞರು, ಎಲ್ಲಾರೂ ಇದ್ರು."

"ನಾಟಿ ಹಚ್ಚಾಕಿ ಒಬ್ಬಾಕೀನೂ ಇರಲಿಲ್ಲೇನು?"

ಗಾಳೇಶ ನಕ್ಷೆ ಮಡಚಿದ.

"ನಕ್ಷೆ ಮ್ಯಾಲ ತಕರಾರು ಹೇಳಾಕ ಇವತ್ತ ಕಡೀ ದಿನ. ಕೊಪ್ಪಳದ ಆಫೀಸಿನಾಗ ಸಾಹೇಬ್ರು ಪುರಾವೆ ಕೇಳ್ತಾರ್ರಿ."

"ತಂದೀನಿ. ಈ ಚೀಲದಾಗ ನಿಮ್ಮ ಹೊಳ್ಯಾಗ ಬೆಳೆದ ಭತ್ತ ಐತಿ."

ಬಸ್ಸು ಬಂತು.

"ಚೀಲ ಎತ್ತು. ಸಾಹೇಬ್ರ ಮೇಜಿನ ತನಕ ನೀನ ಹೊರಬೇಕು."

ನಕ್ಷೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವನು ಚೀಲ ಹೊತ್ತು ಅವಳ ಹಿಂದೆ ಬಸ್ಸು ಹತ್ತಿದ.